ಕತ್ತರಿ ಹಿಡಿಯದ ಕೈ

ಅಂಗಡಿಯಿಂದ,
ಮಾರ್ಚ್ ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಸೂಜಿಮೆಣಸೇ,

ನಿಮ್ಮಪ್ಪ ಇಟ್ಟ ಹೆಸರು. ನಾನು ಹಾಗೆ ಕರೆದು ಹತ್ತು ವರ್ಷವಾಯಿತು. ಹೇಗಿದ್ದೀಯೆ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ನಿಂತಲ್ಲೇ ಎರಡು ತುತ್ತು ನುಂಗಿ ಕೆಲಸಕ್ಕೆ ಓಡುತ್ತೀಯಾ? ಫೋನಿನಲ್ಲಿ ಕೇಳಿದರೆ "ಹ್ಞೂಂ" ಅಂದು ಇಟ್ಟುಬಿಡುತ್ತೀಯೆ. ಅದಕ್ಕೇ ಈ ಕಾಗದ.

ನನ್ನ ಬಲಗೈ ಮುಷ್ಕರ ಹೂಡಿದೆ. ನಗಬೇಡ. ತುಂಬಿದ ಬಕೆಟ್ ಎತ್ತುತ್ತದೆ, ಸೂಜಿಗೆ ದಾರ ಪೋಣಿಸುತ್ತದೆ, ಈಗ ಪೆನ್ನನ್ನೂ ಹಿಡಿದಿದೆ. ಕತ್ತರಿಗೆ ಬೆರಳು ತೂರಿಸಿದರೆ ಮಾತ್ರ ಹೆಬ್ಬೆರಳು ಮರಗಟ್ಟುತ್ತದೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಇದು! ನಾಲ್ಕು ತಿಂಗಳಿಂದ ಪಕ್ಕದ ಅಂಗಡಿಯ ಟೈಲರ್ ಕತ್ತರಿಸಿಕೊಡುತ್ತಾನೆ, ನಾನು ಹೊಲಿಯುತ್ತೇನೆ. ಅವನ ಕೈಯಲ್ಲಿ ಅಂಗಿಯ ಒಂದು ತೋಳು ಉದ್ದ, ಒಂದು ಗಿಡ್ಡ. ಮೈಯೆಲ್ಲ ಉರಿಯುತ್ತದೆ, ಆದರೂ ಬಾಯಿ ಮುಚ್ಚಿಕೊಂಡಿದ್ದೇನೆ.

ಡಾಕ್ಟರು ತಂತಿ ಅಂಟಿಸಿ ನರ ನೋಡಿದರು, ಎಕ್ಸ್‌ರೇ ತೆಗೆಸಿದರು. ಎಲ್ಲವೂ ಸರಿಯಿದೆಯಂತೆ. ನಾನು ನಾಟಕವಾಡುತ್ತಿಲ್ಲವೆಂದೂ ಅವರೇ ಹೇಳಿದರು. ಮನಸ್ಸಿಗೆ ಪೆಟ್ಟು ಬಿದ್ದಾಗ ಮೆದುಳು ಕೆಲವೊಮ್ಮೆ ಕೈಯನ್ನೇ ತಡೆದುಬಿಡುತ್ತದಂತೆ. "ಮನಸ್ಸಲ್ಲಿ ಏನಾದ್ರೂ ಇಟ್ಕೊಂಡಿದ್ದೀರಾಮ್ಮ?" ಅಂದರು. "ಇಟ್ಕೊಳ್ಳೋಕೆ ಜಾಗ ಎಲ್ಲಿದೆ ಡಾಕ್ಟ್ರೇ, ಅಂಗಡಿ ತುಂಬಾ ಬಟ್ಟೆ" ಅಂದೆ. ಅವರು ನಗಲಿಲ್ಲ.

ಇದು ಶುರುವಾದದ್ದು ನಿಮ್ಮಪ್ಪ ತೀರಿಕೊಂಡ ವಾರ. ಅವತ್ತು ಮಣ್ಣು ಮಾಡಿ ಬಂದು, ನೀನು ನಿನ್ನ ಊರಿಗೆ ಹೊರಟು ಚಪ್ಪಲಿ ಮೆಟ್ಟುತ್ತಾ "ಸಾಯೋವಾಗಲೂ ಅಪ್ಪ ನನ್ನ ಕರೀಲಿಲ್ಲ" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ನಮ್ಮಿಬ್ಬರನ್ನು ಬಿಟ್ಟು ಹೋದವರಿಗಾಗಿ ನೀನು ಅಷ್ಟು ಅಳುತ್ತೀಯೆಂದು ನಾನು ಅಂದುಕೊಂಡಿರಲಿಲ್ಲ. ನನಗೂ ದುಃಖ ಉಕ್ಕಿ ಬಂತು. ನಿನ್ನೆದುರು ಅಳುವ ಮುಖ ನನಗಿರಲಿಲ್ಲ.

ನಿನ್ನ ಬೂದು ಕೋಟಿನ ಲೈನಿಂಗ್ ಕಿತ್ತುಹೋಗಿದ್ದರೆ ಕಳಿಸು, ಅದಕ್ಕೆ ಸೂಜಿ ಸಾಕು. ನೂರು ಕಾಲ ಚೆನ್ನಾಗಿರು ಮಗಳೇ.

ನಿನ್ನ ಅಮ್ಮ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಅಪ್ಪ ನಿನ್ನನ್ನು ಕರೆದಿದ್ದರು. ಆಸ್ಪತ್ರೆಯಿಂದ ನಿನ್ನ ಹೆಸರಿಗೆ ಕಾಗದ ಬರೆದು ಅಂಗಡಿಗೆ ಕಳಿಸಿದ್ದರು. ಹತ್ತು ವರ್ಷದ ಸಿಟ್ಟು ನೆತ್ತಿಗೇರಿ, ಕತ್ತರಿ ತೆಗೆದುಕೊಂಡು ಚೂರು ಚೂರು ಮಾಡಿಬಿಟ್ಟೆ. ಆಮೇಲೂ ಅವರು ಹನ್ನೊಂದು ದಿನ ಬದುಕಿದ್ದರು. ಚೂರುಗಳನ್ನು ಎಸೆಯಲಾಗಲಿಲ್ಲ, ಗುಂಡಿ ಡಬ್ಬಿಯಲ್ಲಿದ್ದವು, ಈಗ ಈ ಲಕೋಟೆಯಲ್ಲಿವೆ. ಕೈ ವಾಸಿಯಾಗಲಿ ಅಂತ ಇದನ್ನು ಹೇಳುತ್ತಿಲ್ಲ, ಅದು ಹೀಗೇ ಇರಲಿ. ಜೋಡಿಸಿ ಓದಿಕೋ. ನಾನು ಓದಿದ್ದು ಮೊದಲ ಸಾಲು ಮಾತ್ರ: "ಸೂಜಿಮೆಣಸೇ, ಒಂದ್ಸಲ ಬಂದು ಹೋಗು."