ಒಂದು ಗೇಣು ಎತ್ತರದ ಕುರ್ಚಿ

ಹಡಗಿನ ಓದುಕೋಣೆ,
೧೭ನೇ ತಾರೀಖು, ಮಂಗಳವಾರ, ಸಂಜೆ ಆರೂಕಾಲು.
ಒಂಬತ್ತು ಗಂಟೆ ಕಾಲ ಬಂದರಿನಲ್ಲಿ ನಿಂತಿದ್ದ ಹಡಗು ಈಗ ಹೊರಟಿದೆ. ಮಾವ ಕ್ಷೇಮ, ನಾನೂ ಕ್ಷೇಮ.

ಪ್ರೀತಿಯ ಅತ್ತೆ,

ನಿಮ್ಮ ಕಾಲು ಹೇಗಿದೆ? ಊತ ಇಳಿಯಿತೇ? ಪಟ್ಟಿ ಬಿಚ್ಚುವುದು ತಿಂಗಳ ಕೊನೆಗೆ. ಅದಕ್ಕೆ ಮೊದಲು ತುರಿಸುತ್ತದೆ ಎಂದು ನೀವೇ ಬಿಚ್ಚಿಕೊಳ್ಳಬೇಡಿ. ನಿಮ್ಮ ಮಗ ಆಫೀಸಿಗೆ ಹೋಗುವ ಮೊದಲು ನಿಮಗೆ ಕಾಫಿ ಮಾಡಿಕೊಡುತ್ತಿದ್ದಾರೆಯೇ, ಇಲ್ಲ ನೀವೇ ಕುಂಟುತ್ತ ಅವರಿಗೆ ಮಾಡಿಕೊಡುತ್ತಿದ್ದೀರಾ? ಉತ್ತರ ನನಗೆ ಗೊತ್ತು, ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಇನ್ನೊಂದು ಮಾತು. ಹಿಂದಿನ ಕೋಣೆಯಲ್ಲಿ, ಮಾವನ ಅಂಗಡಿಯಿಂದ ಬಂದ ಹಳೆಯ ಮರದ ಕುರ್ಚಿಯ ಮೇಲೆ ನಾನು ಪೇರಿಸಿಟ್ಟಿರುವ ಪುಸ್ತಕಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ನಲವತ್ತಮೂರು ಇವೆ, ಓದಿದ ಕ್ರಮದಲ್ಲೇ ಇವೆ. ಒಂದನ್ನು ಎಳೆದರೂ ನನಗೆ ಗೊತ್ತಾಗುತ್ತದೆ.

ನೀವು ಸ್ನಾನದ ಮನೆಯ ಹೊಸ್ತಿಲಲ್ಲಿ ಜಾರಿ, ಟಿಕೆಟ್ ಹಾಳಾಗಬಾರದೆಂದು ನನ್ನನ್ನು ಹೊರಡಿಸಿದಾಗ ಹೇಳಿದ ಮಾತು ನೆನಪಿದೆಯೇ? "ನೀನು ಹೋಗು, ಅವರಿಗೆ ಮಾತಾಡೋಕೆ ಯಾರಾದ್ರೂ ಬೇಕಲ್ಲ." ನಮ್ಮಿಬ್ಬರನ್ನೂ ಬಲ್ಲವರು ಆಡುವ ಮಾತೇ ಅದು? ಹನ್ನೆರಡು ವರ್ಷದಲ್ಲಿ ನಾನೂ ಮಾವನೂ ಆಡಿದ್ದನ್ನೆಲ್ಲ ಅಚ್ಚು ಹಾಕಿಸಿದರೆ ಒಂದು ಪುಟವೂ ತುಂಬದು. ಅದರಲ್ಲೂ ಮುಕ್ಕಾಲು ಪಾಲು "ಊಟ ಆಯ್ತಾ?" "ಆಯ್ತು ಮಾವ" ಎಂಬುದೇ. ಹಡಗಿನಲ್ಲಿ ನಮಗೆ ಅಕ್ಕಪಕ್ಕದ ಎರಡು ಸಣ್ಣ ಕೋಣೆ ಕೊಟ್ಟಿದ್ದಾರೆ. ಮೊದಲ ನಾಲ್ಕು ದಿನ ನಾವು ಒಂದೇ ಮೇಜಿಗೆ ಕೂತು, ಒಂದೇ ಸಮುದ್ರ ನೋಡಿ, ಎದ್ದು ಬಂದೆವು. ಅವರಿಗೆ ಸಿಟ್ಟು ಬಂದದ್ದು ಒಂದೇ ಸಲ. ನಮ್ಮ ಕೋಣೆಗಳನ್ನು ನೋಡಿಕೊಳ್ಳುವ ಕೆಲಸದವರೊಬ್ಬರು ದಿನಾ ಟವೆಲನ್ನು ಮಡಚಿ ಹಕ್ಕಿಯ ಹಾಗೆ ಮಾಡಿ ಹಾಸಿಗೆಯ ಮೇಲೆ ಕೂರಿಸುತ್ತಾರೆ. ಅದನ್ನು ಕಂಡು ಮಾವ, "ಟವೆಲ್ ಇರೋದು ಕುತ್ತಿಗೆಗೆ ಸುತ್ತೋಕೆ, ಬಾತುಕೋಳಿ ಮಾಡೋಕಲ್ಲ" ಎಂದರು. ಆ ಕೆಲಸದವರಿಗೆ ನಮ್ಮ ಮಾತು ಬರುತ್ತದೆ ಎಂದು ಆಗಲೇ ತಿಳಿದದ್ದು, ಏಕೆಂದರೆ ಅವರು ನಕ್ಕುಬಿಟ್ಟರು. ಮಾವ ನಗಲಿಲ್ಲ. ಅಂಗಡಿಗೆ ಬೀಗ ಹಾಕಿದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿಲ್ಲ. ಎಂಟು ತಿಂಗಳಾಯಿತು, ಕ್ಷೌರ ಮಾಡುವಾಗ ಲೆಕ್ಕದ ಮೇಷ್ಟ್ರ ಕಿವಿಗೆ ಕತ್ತರಿ ತಾಗಿ. "ಇನ್ನೊಂದಿದೆ ಬಿಡಯ್ಯಾ" ಎಂದು ಮೇಷ್ಟ್ರು ನಕ್ಕು ಎದ್ದುಹೋದರು. ಮಾವ ಅದೇ ಸಂಜೆ ಬೀಗ ಹಾಕಿ, "ಕೈ ನಡುಗುತ್ತೆ, ಸಾಕು" ಎಂದರು. ನಿಮ್ಮ ಮದುವೆಯ ನಲವತ್ತನೇ ವರ್ಷ ಎಂಬ ನೆಪದಲ್ಲಿ ನಿಮ್ಮ ಮಗ ಈ ಪ್ರಯಾಣ ಗೊತ್ತುಮಾಡಿದ್ದು, ಕಿಟಕಿಯ ಪಕ್ಕ ಕೂತೇ ಇರುವ ಅವರನ್ನು ಹೇಗಾದರೂ ಏಳಿಸಬೇಕು ಎಂದೇ ಅಲ್ಲವೇ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಡಗಿನ ಮೂರು ದಾರಿಗಳಲ್ಲಿ ಇದನ್ನೇ ಆರಿಸಿ ಎಂದು ಹಟ ಹಿಡಿದವಳು ನಾನು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ನೀವು ಬಟ್ಟೆ ಮಡಚುವಾಗ ಒಂದು ಕಾದಂಬರಿಯ ಕತೆ ಹೇಳಿದೆನಲ್ಲ, ಒಬ್ಬಳು ದಿನಾ ಸಂಜೆ ಲಾಟೀನು ಹಿಡಿದು ಇನ್ನೂರು ಮೆಟ್ಟಿಲು ಇಳಿದು ಗಂಡನ ದೋಣಿ ಬಂತೇ ಎಂದು ನೋಡುತ್ತಾಳೆ? ನಾನು ಗದ್ಗದವಾಗಿ ಹೇಳಿ ಮುಗಿಸಿದಾಗ ನೀವು, "ದಿನಾ ಇನ್ನೂರು ಮೆಟ್ಟಿಲು ಹತ್ತಿಳಿದರೆ ಅವಳ ಮಂಡಿ ಏನಾಗಬೇಕು?" ಎಂದು ಕೇಳಿದಿರಿ. ಆ ಮೆಟ್ಟಿಲುಗಳ ಊರು ಇದೇ. ಬೆಳಗ್ಗೆ ಐದಕ್ಕೇ ಎದ್ದು ಹಡಗಿನ ಕಟಕಟೆ ಹಿಡಿದು ನಿಂತೆ. ಮೊದಲು ಕಂಡದ್ದು ಸಿಮೆಂಟು ತುಂಬಿಡುವ ನಾಲ್ಕು ದೈತ್ಯ ಕಣಜಗಳು. ಆಮೇಲೆ ಕಂಡದ್ದು ಐದನೆಯದು. ಹಳೆಯ ಬಂದರಿನಲ್ಲಿ ನೀರು ಆಳವಿಲ್ಲವಂತೆ, ದೊಡ್ಡ ಹಡಗುಗಳೆಲ್ಲ ಸರಕಿನ ಕಟ್ಟೆಗೇ ಬಂದು ನಿಲ್ಲಬೇಕು. ಇಳಿದು ಇಪ್ಪತ್ತು ನಿಮಿಷ ನಡೆಯುವಷ್ಟರಲ್ಲಿ ಸಿಮೆಂಟಿನ ಧೂಳಿಗೆ ಎಲ್ಲರ ಹುಬ್ಬೂ ಬಿಳಿಯಾಗಿತ್ತು. ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜ. ದೀಪಸ್ತಂಭದ ಬಾಗಿಲಿಗೆ ಬೀಗ. ಮೆಟ್ಟಿಲುಗಳ ಸುತ್ತ ದುರಸ್ತಿಯ ತಗಡು. ನಾನು ತಗಡಿನ ಸಂದಿಯಲ್ಲಿ ಕಣ್ಣಿಟ್ಟು ಎಣಿಸಿದೆ. ಅತ್ತೆ, ಅವಳ ಮಂಡಿಗೆ ಏನೂ ಆಗಿರಲಾರದು. ಇರುವುದು ಮೂವತ್ತೆಂಟು ಮೆಟ್ಟಿಲು.

ದೊಡ್ಡ ಟೋಪಿಯ ಹೆಂಗಸೊಬ್ಬರು ಗಂಡನಿಗೆ, "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮನೆ ಹಿಂದೆ ಮಹಡಿ ಕಟ್ತಿದಾರೆ, ಅಲ್ಲೇ ಇತ್ತಲ್ಲ ಸಿಮೆಂಟು" ಎಂದು ದಬಾಯಿಸುತ್ತ ಹಡಗಿಗೆ ಹಿಂದಿರುಗಿದರು. ಅವರ ಹಿಂದೆ ಅರ್ಧ ಹಡಗು ಹೋಯಿತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತ್ತು. ಮಾವನಿಗೆ ಎಲ್ಲವನ್ನೂ ಒಪ್ಪಿಸಿದೆ: ಪುಸ್ತಕ, ಲಾಟೀನು, ಹಟ. ಅವರು ತಾವೂ ತಗಡಿನ ಸಂದಿಯಲ್ಲಿ ಇಣುಕಿ, "ಪುಸ್ತಕದಲ್ಲಿ ಬೇರೆ ಏನಿತ್ತು?" ಎಂದು ಕೇಳಿದರು. ಹನ್ನೆರಡು ವರ್ಷದಲ್ಲಿ ನನ್ನ ಓದಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ. ಕಟ್ಟೆಯ ಕೂಲಿಗಳು ಕಾಫಿ ಕುಡಿಯುವ ಜಾಗ ಒಂದಿತ್ತು ಎಂದೆ. "ಕೂಲಿಗಳಿಗೆ ಮಂಗಳವಾರ ರಜ ಇರಲ್ಲ. ನಡಿಯಮ್ಮ, ಹಡಗು ಐದರವರೆಗೆ ಎಲ್ಲೂ ಓಡಿಹೋಗಲ್ಲ."

ಕಾಫಿಯ ಜಾಗ ನಿಜಕ್ಕೂ ಇತ್ತು! ಉದ್ದನೆಯ ಬೆಂಚು, ದಪ್ಪ ಗಾಜಿನ ಲೋಟ, ಕಾಫಿ ಮಾತ್ರ ತೊಳೆದ ನೀರಿನಂತೆ. ಮಾವ ಲೋಟ ಎತ್ತಿದಾಗ ಅದು ಮನೆಯಲ್ಲಿ ಮಾಡುವಂತೆಯೇ ಮೇಜಿಗೆ ತಾಗಿ ಟಕಟಕ ಅಂದಿತು. ನಾನು ಕಿಟಕಿಯ ಕಡೆ ನೋಡಿದೆ. ಎದುರಿಗೆ ಕ್ರೇನೊಂದು ಚೀಲಗಳನ್ನು ಎತ್ತುತ್ತಿತ್ತು. ನಾವು ಅದಕ್ಕೆ ಪಂದ್ಯ ಕಟ್ಟಿದೆವು, ಒಂದು ಸಲಕ್ಕೆ ಎಷ್ಟು ಚೀಲ ಎಂದು. ಮಾವ ಮೂರು ಸಲವೂ ಗೆದ್ದರು. ಆಮೇಲೆ ಕೆಲಸವಿಲ್ಲದವರಂತೆ ಬೀದಿ ಸುತ್ತಿದೆವು. ಬೇರೆಯವರ ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಟ್ಟೆ ನೋಡಿ, ಆ ಮನೆಯಲ್ಲಿ ಎಷ್ಟು ಜನ, ಯಾರು ದಪ್ಪ, ಯಾರು ಸಣ್ಣ ಎಂದು ಲೆಕ್ಕ ಹಾಕಿದೆವು. ಇಷ್ಟು ಮಾತಾಡಿದ್ದಕ್ಕೆ ಇಬ್ಬರಿಗೂ ಗಂಟಲು ಒಣಗಿತ್ತು.

ಆ ಬೀದಿಯ ತಿರುವಿನಲ್ಲಿ ಒಂದು ಕ್ಷೌರದಂಗಡಿ ತೆರೆದಿತ್ತು. ಎರಡು ಕುರ್ಚಿ, ಒಬ್ಬಳೇ ಒಡತಿ, ಸುಮಾರು ಐವತ್ತರ ಪ್ರಾಯ, ತೋಳು ಮೇಲಕ್ಕೆ ಮಡಚಿದ್ದಳು. ಬೆಂಚಿನ ಮೇಲೆ ನಮ್ಮ ಹಡಗಿನ ಇಂಜಿನ್ ಕೋಣೆಯವರು ಆರು ಜನ, ಜೊತೆಗೆ ನಮ್ಮ ಬಾತುಕೋಳಿಯ ಕೆಲಸದವರು. ಅವರಿಗೆಲ್ಲ ಬಿಡುವು ಇದ್ದದ್ದು ಎರಡೇ ಗಂಟೆ. ಆಕೆ ಮೂರು ಬೆರಳು ತೋರಿಸಿ, ಮೂವರಿಗಿಂತ ಹೆಚ್ಚು ಆಗುವುದಿಲ್ಲ ಎನ್ನುತ್ತಿದ್ದಳು. ಮಾವ ಗಾಜಿನ ಹೊರಗೆ ನಿಂತುಬಿಟ್ಟರು. ಬೇರೆಯವರು ಅರಮನೆ ನೋಡುವ ಹಾಗೆ ನಿಂತರು. "ಕತ್ತರಿ ಹಿಡಿತ ಚೆನ್ನಾಗಿದೆ. ಬಾಚಣಿಗೆ ಬೇಗ ಎತ್ತುತ್ತಾಳೆ... ಹಾಂ, ಈಗ ಸರಿಮಾಡಿಕೊಂಡಳು." ಆಕೆ ತಲೆಯೆತ್ತಿ ನೋಡಿದಳು. ಮಾವ ಆಕೆಯ ಮುಖವನ್ನಲ್ಲ, ಬೆರಳುಗಳನ್ನು ನೋಡುತ್ತಿದ್ದರು. ಒಂದೇ ಕಸುಬಿನವರು ಹೀಗೆ ಗುರುತು ಹಿಡಿಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಆಕೆ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ ಹುಬ್ಬು ಹಾರಿಸಿದಳು. ಮಾವ ತಲೆಯಾಡಿಸಿದರು, ಹೌದು. ಆಕೆ ಖಾಲಿ ಕುರ್ಚಿ ತೋರಿಸಿದಳು. ಮಾವ ಒಳಗೆ ಹೋಗಿ, ಬಲಗೈ ಮುಂದೆ ಚಾಚಿ, ಅದು ನಡುಗುವುದನ್ನು ಆಕೆಗೆ ತೋರಿಸಿದರು.  ಬೆಂಚಿನ ಮೇಲಿದ್ದ ಏಳೂ ಜನ ತಮ್ಮ ಕಿವಿಗಳ ಬಗ್ಗೆ ಯೋಚಿಸುತ್ತಿದ್ದರೆಂದು ಕಾಣುತ್ತದೆ.

ಆಮೇಲಿನದನ್ನು ನಾನು ಯೋಚಿಸಿ ಮಾಡಲಿಲ್ಲ, ಅತ್ತೆ. ನಾನು ಯೋಚಿಸದೆ ಒಂದು ಅಲ್ಪವಿರಾಮವನ್ನೂ ಹಾಕುವವಳಲ್ಲ, ನಾನು ಕರಡು ತಿದ್ದುವ ಅಚ್ಚುಮನೆಯಲ್ಲಿ ಕೇಳಿ ನೋಡಿ. ಹೋಗಿ ಆ ಕುರ್ಚಿಯಲ್ಲಿ ಕೂತು, ಪಿನ್ನು ತೆಗೆದು ಜಡೆ ಬಿಚ್ಚಿದೆ. "ಮಾವ, ತುದಿ ಸ್ವಲ್ಪ ಸಮ ಮಾಡಿಕೊಡಿ." "ತಲೆಗಿಲೆ ಕೆಟ್ಟಿದೆಯಾ? ಹೆಚ್ಚುಕಡಿಮೆ ಆದರೆ ನಿನ್ನ ಅತ್ತೆ ನನ್ನನ್ನ ಮನೆಯೊಳಗೆ ಬಿಡ್ತಾಳಾ?" "ಕೂದಲು ಬೆಳೆಯುತ್ತೆ. ಕಿವಿ ಎಲ್ಲೋ ದೂರ ಇದೆ." ಅವರು ಒಡತಿಯ ಕತ್ತರಿಗಳಲ್ಲಿ ಒಂದನ್ನು ಆರಿಸಿಕೊಂಡರು. ಆಮೇಲೆ ಟವೆಲ್ ತೆಗೆದು ಒಮ್ಮೆ ಜಾಡಿಸಿ ನನ್ನ ಕುತ್ತಿಗೆಗೆ ಸುತ್ತಿದರು. ಕನ್ನಡಿಯಲ್ಲಿ ನಾನು ಅವರ ಕೈ ನೋಡುತ್ತಿದ್ದೆ. ಕತ್ತರಿ ನನ್ನ ಬೆನ್ನಿನವರೆಗೆ ಬರುವಾಗ ನಡುಗುತ್ತಿತ್ತು. ಮೊಣಕೈ ಪಕ್ಕೆಗೆ ಬಂದು ಕೂತಿತು. ಕೂತ ಮೇಲೆ ನಡುಗಲಿಲ್ಲ. ಒಂದು ಸಲವೂ ಇಲ್ಲ. ಕತ್ತರಿಯ ಸದ್ದು ಮಾತ್ರ, ಗಡಿಯಾರದ ಹಾಗೆ.

ಹೆಂಗಸರ ಕೂದಲು ನಿಮಗೆ ರೂಢಿ ಇದೆಯೇ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ ಕೇಳಿ. "ನಿನ್ನ ಅತ್ತೆ ತಲೆಯನ್ನ ಮೂವತ್ತೊಂಬತ್ತು ವರ್ಷದಿಂದ ಯಾರು ನೋಡಿಕೊಂಡಿದ್ದು ಅಂದ್ಕೊಂಡೆ?" ಅತ್ತೆ! ತಿಂಗಳಿಗೊಮ್ಮೆ ಪಾರ್ಲರಿಗೆ ಹೋಗಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಿರಲ್ಲ, ಅಂಗಡಿ ಮುಚ್ಚಿದ ಮಧ್ಯಾಹ್ನ ಇವರ ಮುಂದೆ ಹೋಗಿ ಕೂರುತ್ತಿದ್ದಿರಾ? ಎಂಟು ತಿಂಗಳಿಂದ ನೀವು ತುರುಬು ಬಿಚ್ಚದೆ ಓಡಾಡುತ್ತಿರುವುದು ಏಕೆಂದು ಈಗ ಅರ್ಥವಾಯಿತು. ನಾನು ಯಾರಿಗೂ ಹೇಳುವುದಿಲ್ಲ.

ನನ್ನ ತುದಿ ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಬಂತು. ನಾನು ಎದ್ದ ಕೂಡಲೇ ಕೋಣೆಯ ಕೆಲಸದವರು ಓಡಿಬಂದು ಕೂತು, "ಯಜಮಾನ್ರೇ, ನನ್ನದೂ ಒಂದು ಆಗಲಿ" ಎಂದರು. "ಕೂತ್ಕೊ. ಇನ್ನೊಂದು ಸಲ ಟವೆಲಲ್ಲಿ ಹಕ್ಕಿ ಮಾಡಿದರೆ ನಿನ್ನ ತಲೆಯಲ್ಲಿ ಗೂಡು ಕಟ್ಟಿಬಿಡ್ತೀನಿ." ಅಂಗಡಿಯೆಲ್ಲ ನಕ್ಕಿತು, ಮಾತು ತಿಳಿಯದ ಒಡತಿಯೂ. ಮಾವನೂ ನಕ್ಕರು. ನನ್ನದನ್ನು ಬಿಟ್ಟು ಮಾವ ನಾಲ್ಕು ತಲೆ ಮಾಡಿದರು, ಆಕೆ ಮೂರು. ಒಡತಿ ಕೂಲಿ ಕೊಡಬಂದಾಗ ಮಾವ ಕೈ ಹಿಂದೆ ಕಟ್ಟಿಕೊಂಡರು. ಆಕೆ ಗೋಡೆಯ ಮೊಳೆಯಿಂದ ಒಂದು ಹಳೆಯ ಬಾಚಣಿಗೆ ತೆಗೆದು ಅವರ ಜೇಬಿಗೆ ಸಿಕ್ಕಿಸಿದಳು.

ಹಡಗಿಗೆ ಹಿಂದಿರುಗುವಾಗ ಮಾವ ತಾವಾಗಿಯೇ ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ. "ಅವಳ ಕುರ್ಚಿ ಮರದ್ದು, ನೋಡಿದೆಯಾ? ನಮ್ಮ ಹಳೇದರ ಹಾಗೆ. ಅದರಲ್ಲಿ ಕೂತವರ ತಲೆ ನನ್ನ ಎದೆಗೆ ಬರುತ್ತೆ, ಮೊಣಕೈ ಪಕ್ಕೆ ಬಿಡೋ ಹಾಗೇ ಇಲ್ಲ. ಮಗ ತಂದ ಹೊಸ ಕುರ್ಚಿ ಒಂದು ಗೇಣು ಎತ್ತರ. ಎಷ್ಟು ಒತ್ತಿದರೂ ಕೆಳಗೆ ಇಳಿಯಲ್ಲ. ದಿನಾ ಕೈ ಎತ್ತಿಕೊಂಡೇ ಕೆಲಸ. ವಯಸ್ಸಾಯ್ತು ಅಂದ್ಕೊಂಡೆ, ಕುರ್ಚಿ ಎತ್ತರ ಆಯ್ತು, ಅಷ್ಟೇ." ಹಾಗಾದರೆ ಮಗನಿಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. "ಅವನು ಎಷ್ಟು ಆಸೆಯಿಂದ ತಂದ, ನೀನೂ ಇದ್ದೆಯಲ್ಲ. ಕೆಂಪು ರಿಬ್ಬನ್ ಬೇರೆ ಕಟ್ಟಿದ್ದ. ಅದಕ್ಕೆ ತಪ್ಪು ಹೇಳೋಕಾಗುತ್ತಾ?" ಹೌದು, ನಾನೂ ಇದ್ದೆ. ಎರಡೂವರೆ ವರ್ಷದ ಹಿಂದೆ ರಿಬ್ಬನ್ನಿಗೆ ಗಂಟು ಹಾಕಿದವಳೇ ನಾನು. ಹಳೆಯ ಕುರ್ಚಿ ಮನೆಗೆ ಬಂದಾಗ, ಪುಸ್ತಕ ಇಡಲು ಒಳ್ಳೆಯ ಜಾಗ ಸಿಕ್ಕಿತೆಂದು ಸಂತೋಷಪಟ್ಟವಳೂ ನಾನೇ. ಕಾಫಿಯ ಲೋಟ ಇನ್ನೂ ಟಕಟಕ ಅನ್ನುತ್ತದೆ, ಅದು ವಯಸ್ಸೇ ಇರಬೇಕು. ಕತ್ತರಿ ಮಾತ್ರ ಅನ್ನಲಿಲ್ಲ. ನಾನು ಹತ್ತಿರದಿಂದ ನೋಡಿದ್ದೇನೆ.

ಅಂಗಡಿಯ ಮಾತನ್ನು ನಾನು ಎತ್ತಲಿಲ್ಲ. ಹಡಗಿನ ಮೆಟ್ಟಿಲ ಹತ್ತಿರ ಅವರೇ, "ಪಕ್ಕದ ಔಷಧಿ ಅಂಗಡಿಯವನಿಗೆ ನಮ್ಮ ಅಂಗಡಿ ಕೀಲಿಕೈ ಕೊಡೋದು ಯಾವತ್ತು?" ಎಂದರು. ಒಂದನೇ ತಾರೀಖು, ಅವರು ನಡುವಿನ ಗೋಡೆ ಒಡೆದು ತಮ್ಮ ಅಂಗಡಿ ದೊಡ್ಡದು ಮಾಡುತ್ತಾರೆ ಎಂದೆ. "ಹ್ಞೂಂ" ಎಂದು ಒಳಗೆ ಹೋದರು. ಈಗ ಊಟದ ಹಜಾರದಲ್ಲಿ ಟೋಪಿಯ ಹೆಂಗಸಿನ ಗಂಡನ ತಲೆಯನ್ನು ದೂರದಿಂದಲೇ ಅಳೆಯುತ್ತ ಕೂತಿದ್ದಾರೆ.

ನಾಳೆ ನಿಲ್ಲುವುದು ದೊಡ್ಡ ಬಂದರು, ನೋಡಲು ತುಂಬ ಇದೆಯಂತೆ. ನನಗೆ ಅಷ್ಟೇನೂ ಕುತೂಹಲವಿಲ್ಲ. ಕಾಲು ಎತ್ತರಕ್ಕಿಟ್ಟು ಮಲಗಿ. ನಿಮ್ಮ ಮಗನಿಗೆ ನನ್ನ ನೆನಪು ಹೇಳಿ, ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ಮಂಡಿಯ ಪ್ರಶ್ನೆಗೆ ಉತ್ತರ ತರುತ್ತಿರುವ,
ನಿಮ್ಮ ಸೊಸೆ

ಮರೆತ ಮಾತು: ಲಕೋಟೆ ಅಂಟಿಸುತ್ತಿದ್ದಾಗ ಮಾವ ಬಾಗಿಲಲ್ಲಿ ನಿಂತು, "ಅವಳಿಗೆ ಬರೀತಿದ್ದೀಯಾ? ಕೀಲಿಕೈ ಕೊಡಬೇಡ ಅಂತ ಬರಿ" ಎಂದು ಹೇಳಿ ಹೋದರು. ಆದ್ದರಿಂದ ಕೊಡಬೇಡಿ, ಔಷಧಿ ಅಂಗಡಿಯವರು ಎಷ್ಟು ಸಲ ಬಂದು ಕೇಳಿದರೂ. ಈ ಪತ್ರ ನಾಳೆ ಬೆಳಗ್ಗೆಯೇ ಅಂಚೆಗೆ ಬೀಳುತ್ತದೆ, ಒಂದನೇ ತಾರೀಖಿಗೆ ಮೊದಲು ಮುಟ್ಟಲೇಬೇಕು. ಹೊಸ ಕುರ್ಚಿಯ ವಿಷಯ ನಿಮ್ಮ ಮಗನಿಗೆ ನಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಹೇಗೆ ಹೇಳುವುದೋ ಗೊತ್ತಿಲ್ಲ, ಊರು ಮುಟ್ಟುವವರೆಗೆ ನೀವು ಬಾಯಿಬಿಡಬೇಡಿ. ಹಳೆಯ ಕುರ್ಚಿಯ ಮೇಲಿನ ಪುಸ್ತಕಗಳನ್ನೆಲ್ಲ ನಿಮ್ಮ ಮಗನ ಕೈಯಿಂದಲೇ ಕೆಳಗಿಳಿಸಿ, ಏಕೆಂದು ಕೇಳಿದರೆ ಮನೆ ಗುಡಿಸಲು ಎನ್ನಿ. ನೆಲದ ಮೇಲೆ ಎಲ್ಲಿ ಬೇಕಾದರೂ ಇಡಲಿ. ಕ್ರಮ ತಪ್ಪಿದರೂ ಪರವಾಗಿಲ್ಲ.