ಕೈ ಎತ್ತಿದ್ದೆಯಂತಲ್ಲ, ಭಾವ

ಭಾವ ಬೋರೇಗೌಡನಿಗೆ,

ನಿನ್ನ ಹೆಂಡತಿಯ ಅಣ್ಣ ಮಾಡುವ ನಮಸ್ಕಾರ ಅಂತ ಶುರು ಮಾಡಬೇಕು. ಆದರೆ ನಮ್ಮಿಬ್ಬರ ನಡುವೆ ನಮಸ್ಕಾರ ಯಾವತ್ತಿತ್ತು? ಇದ್ದದ್ದು ಜಗಳ. ಅದನ್ನೇ ಕಳಿಸುತ್ತಿದ್ದೇನೆ, ಇಟ್ಟುಕೋ.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗೆಲ್ಲ ನಾನು ಪ್ರಾಸ ಕಟ್ಟುತ್ತಿದ್ದದ್ದು ನೆನಪಿದೆಯಾ? 'ರೊಟ್ಟಿ ಗಟ್ಟಿ, ದಾಲು ನೀರು, ಎಲ್ಲಿ ಹೋಯ್ತೋ ಮುದ್ದೆ ಸಾರು.' ಪಂಜಾಬಿನವರಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ನಗುತ್ತಿದ್ದರು. ಅರ್ಥವಾಗುತ್ತಿದ್ದ ನೀನೊಬ್ಬನೇ ನಗುತ್ತಿರಲಿಲ್ಲ. "ಅನ್ನ ಚಿನ್ನ ಅಂತ ಸೇರ್ಸ್‌ಬುಟ್ರೆ ವೊಟ್ಟೆ ತುಂಬ್ತದೇನ್ಲಾ, ಬೀಯೆ?" ಎನ್ನುತ್ತಿದ್ದೆ. ಕನ್ನಡದಲ್ಲಿ ಬಿ.ಎ. ಮಾಡಿ ಸೇನೆ ಸೇರಿದವನಿಗೆ ಇಡೀ ಪಲ್ಟನ್ನಿನಲ್ಲಿ ಆ ಹೆಸರನ್ನು ಅಂಟಿಸಿದವನು ನೀನೇ. ನಾನು ಸುಬೇದಾರ, ನೀನು ಹವಾಲ್ದಾರ. ಆದರೆ ತಂಗಿಯನ್ನು ಕೊಟ್ಟವನು ಎಷ್ಟು ದೊಡ್ಡ ಸುಬೇದಾರನಾದರೇನು?

ಆಸ್ಪತ್ರೆಯಿಂದ ಬಿಟ್ಟ ಮೇಲೆ, ತೋಳಿಗೆ ಪಟ್ಟಿ ಕಟ್ಟಿಕೊಂಡು ನಾನು ನೇರ ಬಂಡೂರಿಗೆ ಬಂದ ದಿನ ತಂಗಿ ನಿಂಗಿ ಅಂಗಳದಲ್ಲೇ ನಿಂತಿದ್ದಳು. ತಂತಿಯಲ್ಲಿ 'ಕಾಣೆಯಾಗಿದ್ದಾರೆ' ಎಂದಷ್ಟೇ ಬಂದಿತ್ತು. ನೀನು ಬಿದ್ದ ಜಾಗ ಆಚೆಯವರ ಪಾಲಾಯಿತು, ದೇಹ ಸಿಗಲಿಲ್ಲ. ದೇಹ ಸಿಗದವನನ್ನು ಸತ್ತ ಎಂದು ಬರೆಯಲು ಕಾಗದಕ್ಕೆ ಧೈರ್ಯ ಸಾಲದು. ಷೆಲ್ಲು ಬಿತ್ತು, ಬೋರ ಹೋದ, ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಲು ನಾಲಿಗೆ ಹೊರಳಲಿಲ್ಲ. ಅವಳು ನನ್ನ ತೋಳು ನೋಡಿದಳು. "ನಿಂಗೇ ಏಟ್ ಬಿದ್ದಿತ್ತು. ಕಣ್ಗೆ ಕತ್ಲೆ ಬಂದಿತ್ತು. ನೀನೇನ್ ಕಂಡೆ?" ಎಂದು ಒಳಗೆ ಹೋಗಿ ನನಗೆ ಮುದ್ದೆ ಕಟ್ಟಿ ಇಟ್ಟಳು.

ಆಮೇಲೆ ಒಂದು ಸಂಜೆ ನೀನು ಕ್ಯಾಂಟೀನಿನಿಂದ ತಂದಿದ್ದ ಟ್ರಾನ್ಸಿಸ್ಟರು ಜಗಲಿಯ ಮೇಲೆ ಕೆರೆದುಕೊಳ್ಳುತ್ತಿತ್ತು. ಅರ್ಧ ಬೀದಿ ಕೂತಿತ್ತು. ಆಚೆ ದೇಶದ ನಾಯಕ ಮಾತಾಡುತ್ತಿದ್ದ. ಹಿಂದೂಸ್ತಾನಿ ತಿಳಿದವನು ನಾನೊಬ್ಬ.

"ಏನಂತೆ ಅವಂದು? ಒಂದೇ ಸಮ ಬೊಗಳ್ತಾವ್ನೆ," ಎಂದರು ನಿನ್ನ ದೊಡ್ಡಪ್ಪ.

ಹೇಳಿದೆ. ನೀನೂ ನಾನೂ ಇದ್ದ ಆ ಕಾಲುವೆಯ ದಂಡೆಯ ಹೆಸರು ಹಿಡಿದೇ ಆತ ಮಾತಾಡಿದ್ದ. ಅಲ್ಲಿ ನಮ್ಮವರು ಒಂದು ಗುಂಡೂ ಹಾರಿಸಲಿಲ್ಲವಂತೆ. ಕಂಡ ಕೂಡಲೇ ಕೈ ಎತ್ತಿದರಂತೆ. ಒಬ್ಬನೂ ಸತ್ತಿಲ್ಲ, ಎಲ್ಲರೂ ತನ್ನ ಬಳಿ ಉಂಡುಕೊಂಡು ಸುಖವಾಗಿದ್ದಾರೆ, ನಾಚಿಕೆ ಮುಚ್ಚಿಕೊಳ್ಳಲು ಅವರ ಸರ್ಕಾರ ವೀರಮರಣ ಎನ್ನುತ್ತಿದೆ, ಅಂತ.

"ಅವನ್ ನಾಲ್ಗೆ ಬಿದ್ದೋಗ! ನಮ್ ಬೋರ ಕೈ ಎತ್ತಾನಾ? ಮದ್ವೆ ಮನೇಲಿ ಪಾಯ್ಸ ಸಾಕು ಅನ್ನಾಕೂ ಕೈ ಎತ್ತಿದೋನಲ್ಲ!" ಎಂದರು ದೊಡ್ಡಪ್ಪ. ಜನ ನಗಲೂ ಆಗದೆ ಬೈಯಲೂ ಆಗದೆ ಒದ್ದಾಡಿದರು. ಆಗ ಬಾಗಿಲ ಬಳಿಯಿಂದ ನಿಂಗಿ ಕೇಳಿದಳು: "ಅಣ್ಣ, ಇನ್ನೊಂದ್ಸಲ ಯೋಳು. ಸತ್ತಿಲ್ಲ ಅಂದ್ನಾ?"

ಕಬ್ಬು ಜಗಿದು ಸಿಪ್ಪೆ ಉಗಿದು ರಸವನ್ನಷ್ಟೇ ನುಂಗುವಂತೆ ನುಂಗಿದ್ದಳು, ಭಾವ. ನಿನ್ನನ್ನು ಹೇಡಿ ಎಂದದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಈಗ ಹೇಳು, ನಾನು ಯಾರ ಜೊತೆ ವಾದ ಮಾಡಬೇಕಿತ್ತು? ಅವನ ಮಾತು ಸುಳ್ಳು ಎಂದರೆ...

ನಿನ್ನ ಮಗಳು ಜಯಮ್ಮನ ಸಂಬಂಧದವರು ದುದ್ದದಿಂದ ಬಂದದ್ದು ಅದೇ ವಾರ. ನೀನೇ ರಜೆಯಲ್ಲಿ ಬಂದಾಗ ವೀಳ್ಯ ಬದಲಾಯಿಸಿ ಹೋಗಿದ್ದ ಸಂಬಂಧ. ಹುಡುಗನ ಅಪ್ಪ ಮರಿಗೌಡರು ಒರಟರು, ಆದರೆ ನೇರ. "ಬೀಗ್ರು ಬದುಕವ್ರೆ ಅಂದ್ರೆ ಕಾಯ್ತೀವಿ. ಓಗವ್ರೆ ಅಂದ್ರೆ ವರ್ಸದೊಳ್ಗೇ ಮದ್ವೆ ಆಗ್ಬುಡ್ಬೇಕು, ಇಲ್ದಿದ್ರೆ ಮೂರ್ವರ್ಸ ಈ ಮನೇಲಿ ಸುಭಕಾರ್ಯ ಕೂಡ್ದು. ಅದು ನಿಮ್ಗೂ ಗೊತ್ತು. ಎರಡ್ರಲ್ಲಿ ಒಂದ್ ಯೋಳಿ. ಎರಡೂ ಇಲ್ಲ ಅಂದ್ರೆ ನಾವು ಬೇರೆ ಕಡೆ ನೋಡ್ಬೇಕಾಯ್ತದೆ ಕಣಮ್ಮ."

"ಅವ್ರಪ್ಪ ಬಂದು ಧಾರೆ ಎರೀತಾರೆ," ಎಂದಳು ನಿಂಗಿ. "ರೇಡಿಯೋದಲ್ಲೇ ಯೋಳವ್ರಲ್ಲ."

ಕಂಬದ ಹಿಂದೆ ನಿಂತಿದ್ದ ಜಯಮ್ಮ ನನ್ನ ಮುಖ ನೋಡಿದಳು. ಎಲ್ಲೋ ಕೂತ ಒಬ್ಬ ನಾಯಕ ಮಳವಳ್ಳಿ ತಾಲ್ಲೂಕಿನ ಒಂದು ಹುಡುಗಿಯ ಲಗ್ನಕ್ಕೆ ಅಡ್ಡ ಮಲಗಿದ್ದ. ಅದು ಅವನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಅದನ್ನೂ ತನ್ನ ಗೆಲುವಿನ ಲೆಕ್ಕಕ್ಕೆ ಸೇರಿಸುತ್ತಿದ್ದನೇನೋ.

ಆ ನಾಯಕನನ್ನು ಖಂಡಿಸಲು ಮಂಡ್ಯದಲ್ಲಿ ಸೇರಿಸಿದ ಸಭೆಗೆ ನನ್ನನ್ನು ಕರೆದಾಗ ಒಪ್ಪಿಕೊಂಡೆ. ಆ ಭಾಷಣಕ್ಕೆ ಸೈನಿಕನಿಂದಲೇ ಉತ್ತರ ಬೇಕು ಎಂದರು. ನಿಂಗಿ ತಾನೂ ಬರುತ್ತೇನೆಂದು ಹೊರಟಳು, ಜಯಮ್ಮನನ್ನೂ ಕರೆದುಕೊಂಡು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗಲೂ ನಾನು ತುಟಿ ಆಡಿಸುತ್ತಾ ಪ್ರಾಸ ಹೊಂದಿಸುತ್ತಿದ್ದೆ. ಕಂಡಕ್ಟರು ಮಂತ್ರ ಎಂದುಕೊಂಡು ಚೀಟಿಯ ಕಾಸು ಕೇಳಲು ಹಿಂಜರಿದ.

ವೇದಿಕೆ ಹತ್ತಿ 'ನಾಲಿಗೆಗೆ ಬೀಗವಿಲ್ಲ, ಮಾತಿಗೆ ರಾಗವಿಲ್ಲ, ನಿನ್ನ ಸುಳ್ಳು ಇಳಿಸಲು ಮಂಡ್ಯದಲ್ಲಿ ಜಾಗವಿಲ್ಲ' ಎಂದ ಕೂಡಲೇ ಚಪ್ಪಾಳೆಯೋ ಚಪ್ಪಾಳೆ. ಹೆಂಗಸರ ಸಾಲಿನಲ್ಲಿ ನಿಂಗಿಯೂ ತಟ್ಟುತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ. ಅಣ್ಣನ ಮಾತಿಗೆ ಅವಳಿಗೆ ಹೆಮ್ಮೆ. ನನ್ನ ಪ್ರಾಸವೆಲ್ಲ ಆ ನಾಯಕನನ್ನು ಬೈಯುತ್ತಿತ್ತು, ಅವನ ಮಾತನ್ನು ಮಾತ್ರ ಸುಳ್ಳು ಮಾಡುತ್ತಿರಲಿಲ್ಲ. ವೊಟ್ಟೆ ತುಂಬ್ತದೇನ್ಲಾ ಎಂದು ನೀನು ಕೇಳಿದ ಹಾಗಾಯಿತು. ಕಾಗದ ಮಡಚಿ ಜೇಬಿಗೆ ಹಾಕಿದೆ.

ಹೀಗೆ ಹೇಳಿದೆ: "ನಮ್ಮ ಬಂಡೂರಿನ ಕಡೆ ಸಂಜೆ ಕುರಿಗಳನ್ನು ರೊಪ್ಪಕ್ಕೆ ಹೊಡೆಯುವಾಗ ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ ಅಂತ. ಕುರಿಯವನು ಬೇಲಿಯ ಕಂಡಿಯಲ್ಲಿ ನಿಂತು ಒಳಗೆ ಹೋಗುವ ಒಂದೊಂದರ ಬೆನ್ನನ್ನೂ ಮುಟ್ಟುತ್ತಾನೆ. ಎಲ್ಲವೂ ಕೈಗೆ ಸಿಕ್ಕಿದ ಮೇಲೆಯೇ ತಾನು ಒಳಗೆ. ಆ ಕಾಲುವೆಯ ದಂಡೆಯಲ್ಲಿ ಮದ್ದುಗುಂಡು ಮುಗಿಯುವವರೆಗೆ ಹೊಡೆದ ಮೇಲೆ ನಮಗೆ ಹಿಂದೆ ಸರಿಯಲು ಹುಕುಂ ಬಂತು. ಮುಳ್ಳುತಂತಿಯಲ್ಲಿ ಒಂದೇ ಕಂಡಿ. ಹವಾಲ್ದಾರ್ ಬೋರೇಗೌಡ ಅಲ್ಲಿ ನಿಂತ. ಸಿಖ್ಖನೋ ಮದರಾಸಿಯೋ, ದಾಟಿದವನ ಬೆನ್ನನ್ನೆಲ್ಲ ಮುಟ್ಟಿದ. ಕೊನೆಯವನು ನಾನು. ನನ್ನನ್ನು ಮುಟ್ಟಿ, 'ನಡೀಲಾ ಬೀಯೆ' ಎಂದ. ಷೆಲ್ಲು ಆಗ ಬಿತ್ತು. ತಿರುಗಿ ನೋಡಿದೆ. ನನ್ನ ಪ್ರಜ್ಞೆ ತಪ್ಪಿದ್ದು ಆಮೇಲೆ. ಅವನು ಕೈ ಎತ್ತಿದ ಎನ್ನುತ್ತೀರಲ್ಲ, ನಾಯಕರೇ? ಆ ಕೈ ನನ್ನ ಬೆನ್ನ ಮೇಲಿತ್ತು."

ತಿರುಗಿ ಏನು ಕಂಡೆ ಎಂದು ಸಭೆಗೆ ಹೇಳಲಿಲ್ಲ. ನಿನಗೂ ಬರೆಯುವುದಿಲ್ಲ. ನೀನು ಅಲ್ಲೇ ಇದ್ದೆಯಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ವಾಪಸು ಬಸ್ಸಿನಲ್ಲಿ ನಿಂಗಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಕಬ್ಬಿನ ಗದ್ದೆಗಳು ಹಿಂದೆ ಹೋಗುತ್ತಿದ್ದವು. ಅತ್ತ ನೋಡುತ್ತಲೇ ಕೇಳಿದಳು: "ಎಲ್ರ ಬೆನ್ನೂ ಮುಟ್ಟಿದ್ರಾ?"

"ಹ್ಞೂಂ."

"ಅಂಗಾದ್ರೆ ಅವ್ರೇ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಅವ್ರೇ ಕಣಣ್ಣ. ಬುಟ್ಟು ಬರೋರಲ್ಲ." ಮಳವಳ್ಳಿಯಲ್ಲಿ ಇಳಿಯುವಾಗ ಜಯಮ್ಮನ ಕೈ ಹಿಡಿದುಕೊಂಡು, ನನ್ನತ್ತ ನೋಡದೆಯೇ ಹೇಳಿದಳು: "ದುದ್ದಕ್ಕೆ ಯೋಳ್ಕಳ್ಸು. ವರ್ಸದೊಳ್ಗೇ ಆಗ್ಲಿ."

ಮಾರನೆಯ ಬೆಳಿಗ್ಗೆ ಅವಳೇ ಹಣೆ ತೊಳೆದುಕೊಂಡಳು. ಬಳೆ ಒಡೆಯಲು ಬಂದ ಮುದುಕಿಯರಿಗೆ ಕೆಲಸ ಉಳಿಸಿರಲಿಲ್ಲ.

ಮದುವೆ ಆಯಿತು, ಭಾವ. ಧಾರೆ ಎರೆದವರು ನಾನೂ ನನ್ನ ಹೆಂಡತಿಯೂ. ನನ್ನ ತೋಳು ಇನ್ನೂ ಪೂರಾ ಮೇಲೇಳದೆ ಅರ್ಧ ನೀರು ಅಳಿಯನ ಪಂಚೆಯ ಮೇಲೆ. ಬೀಗರೂಟದಲ್ಲಿ ಮರಿಗೌಡರು ನಿಮ್ಮೂರ ಕುರಿಯ ಮೂಳೆ ಚೀಪುತ್ತಾ, "ಸಾರಿಗೆ ಉಪ್ಪು ವಸಿ ಕಮ್ಮಿ" ಎಂದು ಎರಡನೇ ಸಲವೂ ಬಡಿಸಿಕೊಂಡರು. ನೀನಿದ್ದಿದ್ದರೆ ಅಲ್ಲೇ ಒಂದು ಜಗಳ ಆಗುತ್ತಿತ್ತು.

ಇಲ್ಲಿಯವರೆಗಿನದು ನಿನಗೆ ಹೇಗಾದರೂ ಗೊತ್ತಾಗಿರಬಹುದು. ಇನ್ನೊಂದಿದೆ.

ಆಚೆಯವರು ಸೆರೆಯಾಳುಗಳನ್ನು ಬಿಟ್ಟರು. ಗಡಿ ದಾಟಿ ಬಂದವರ ಹೆಸರುಗಳನ್ನು ರೇಡಿಯೋದಲ್ಲಿ ಓದುತ್ತಾರೆ ಎಂದು ತಿಳಿದಾಗ, ನನ್ನದು ಕೆಟ್ಟಿದೆ ಎಂದು ಸುಳ್ಳು ಹೇಳಿ ನಿಂಗಿಯಿಂದ ನಿನ್ನ ಟ್ರಾನ್ಸಿಸ್ಟರನ್ನು ಮದ್ದೂರಿನ ನನ್ನ ಮನೆಗೆ ತಂದೆ. ಬಾಗಿಲು ಹಾಕಿಕೊಂಡೆ. ಮಂಡ್ಯದಲ್ಲಿ ಅಷ್ಟು ಜನರ ಮುಂದೆ ನೀನು ಸತ್ತೆ ಎಂದು ಸಾಧಿಸಿದ ಗಂಡು ನಾನು. ಆ ಪೆಟ್ಟಿಗೆಗೆ ಕಿವಿ ಅಂಟಿಸಿ, ಸುಳ್ಳುಗಾರ ನಾನಾಗಲಿ, ಆ ನಾಯಕನ ಮಾತೇ ನಿಜವಾಗಲಿ, ಊರು ನನ್ನ ಮುಖಕ್ಕೆ ಉಗಿಯಲಿ ಎಂದು ಬೇಡಿಕೊಂಡೆ. "ಹವಾಲ್ದಾರ್ ಬೋ..." ಎಂದ ಹೆಸರು ಓದುವವನು. ಎದ್ದು ನಿಂತುಬಿಟ್ಟೆ. ಮುಂದಿನ ಅಕ್ಷರಗಳು ಯಾವುದೋ ಉತ್ತರದ ಹಳ್ಳಿಯವನವು. ಅವನ ಮನೆಯಲ್ಲಿ ಅವತ್ತು ಹಬ್ಬವಾಗಿರಬೇಕು. ಆಗಲಿ.

ಮಾರನೆಯ ದಿನ ಟ್ರಾನ್ಸಿಸ್ಟರು ಹಿಂತಿರುಗಿಸಲು ಬಂಡೂರಿಗೆ ಹೋದೆ. ನಿಂಗಿ ರಾಗಿ ಕೇರುತ್ತಿದ್ದಳು. ನನ್ನ ಮುಖ ನೋಡಿ ಮೊರ ಕೆಳಗಿಟ್ಟಳು.

"ನೀನೂ ಕೇಳ್ದ್ಯಾ?" ಎಂದಳು.

ನೀನೂ. ಮಳವಳ್ಳಿಗೆ ಒಬ್ಬಳೇ ಹೋಗಿ ಸೈಕಲ್ ಅಂಗಡಿಯ ರೇಡಿಯೋ ಮುಂದೆ ಪೂರಾ ಕೂತು ಬಂದಿದ್ದಳಂತೆ. "ಅವ್ರ ಬಾಸೆ ನಂಗ್ ಬರಾಕಿಲ್ಲ. ಹೆಸ್ರು ತಿಳೀತದಲ್ಲ," ಎಂದಳು. ಆಮೇಲೆ, "ಇರ್ನಿಲ್ಲ."

"ಇರ್ನಿಲ್ಲ," ಎಂದೆ ನಾನೂ.

ಅಷ್ಟು ಜನರ ಮುಂದೆ ಗೆದ್ದ ವಾದದಲ್ಲಿ ಸೋಲಲು ನಾವಿಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಕದ್ದು ಪ್ರಯತ್ನ ಮಾಡಿದೆವು, ಭಾವ. ಸೋಲಲಿಲ್ಲ.