ಮಾಸ್ತರರ ಹಿಂದಿನ ಸೇವಂತಿ

ತಾ. 5-7-36, ರವಿವಾರ. ಯಲಬುರ್ಗಾ

ಬೆಳಿಗ್ಗೆ ಅಂಗಳದ ಸೇವಂತಿ ಮಡಿಗೆ ನೀರು. ಆಮೇಲೆ ಅಂಗಡಿ. ಸೀರೆ ಗಂಟು ಬಿಚ್ಚಿಟ್ಟು ಕೂತೆ. ಮಳೆ ಬಿದ್ದಿದೆ, ಜನವೆಲ್ಲ ಹೊಲದಲ್ಲಿ. ಒಬ್ಬಳು ಬಂದಳು — ಇದ್ದಬದ್ದ ಖಣ ಎಲ್ಲ ಮುಟ್ಟಿ, ಮೂಸಿ, ಬಿಸಿಲಿಗೆ ಹಿಡಿದು ನೋಡಿ, ಕಡೆಗೆ ಕುಡಿಯಲು ನೀರು ಕೇಳಿದಳು. ಕುಡಿದು ಹೋದಳು.

ಮಧ್ಯಾಹ್ನ ಇರಕಲ್ಲಗಡದಿಂದ ಚಕ್ಕಡಿ ಪಕ್ಕೀರಪ್ಪ ಬಂದ. ಅತ್ತೆ ಹೇಳಿಕಳಿಸಿದ್ದರಂತೆ. ಅತ್ತೆಯ ಮಾತನ್ನು ಅತ್ತೆಯ ದನಿಯಲ್ಲೇ ಹೇಳುವುದು ಅವನ ಚಟ. ಸೊಂಟದ ಮೇಲೆ ಕೈಯಿಟ್ಟು —

"ಗಿಡಾ ಉಳದಾವೋ, ಮತ್ತ ಸುಣ್ಣ ಸುರದಾರೋ, ಕೇಳಿಕೊಂಡು ಬಾ!"

ಆರು ವರ್ಷವಾದರೂ ಆ ಸುಣ್ಣ ಆರಿಲ್ಲ. ಅತ್ತೆ ಮಗಳಿಗೆಂದು ಕೊಟ್ಟಿದ್ದು ತಮ್ಮ ತಾಯಿಯಿಂದ ಬಂದ ಹಳದಿ ಸೇವಂತಿ. ಗಿಡ್ಡ ಜಾತಿ. ಮೊಳಕಾಲು ದಾಟುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಕಾಣದಷ್ಟು ಹೂ. ಹೂ ಮುಗಿದ ಮೇಲೆ ಒಣಗಿ ನೆಲಕ್ಕೆ ಹತ್ತುತ್ತದೆ; ಬೇರು ಮಾತ್ರ ಜೀವ ಹಿಡಿದಿದ್ದು ಮತ್ತೆ ಚಿಗುರುತ್ತದೆ. ನಮಗೆ ಅದು ಗೊತ್ತಿರಲಿಲ್ಲ. ಯುಗಾದಿಗೆ ಗೋಡೆ ಬಳಿಯಲು ಬಂದವರಿಗೂ ಗೊತ್ತಿರಲಿಲ್ಲ. ಬರಿ ನೆಲವೆಂದು ಅಲ್ಲಿಯೇ ಗುಂಡಿ ತೋಡಿ ಸುಣ್ಣ ಅರಳಿಸಿದರು. ಅತ್ತೆ ಬಂದರು, ನೋಡಿದರು, ಕೊಟ್ಟ ನೀರು ಕುಡಿಯದೆ ಚಕ್ಕಡಿ ಹತ್ತಿದರು. ಮಗಳ ಮನೆಗೆ ಮತ್ತೆ ಬಂದಿಲ್ಲ.

ಈ ವರ್ಷ ಹೆಂಡತಿ ಶಿವಬಸಮ್ಮ ತವರಿನಿಂದ ಮತ್ತೆ ಬೇರು ತಂದು ಹಚ್ಚಿದ್ದಾಳೆ. ಕರಾರಿನ ಮೇಲೆ. ಹೂ ಬಿಟ್ಟರೆ ದಸರೆಯ ಬನ್ನಿ ಹಬ್ಬಕ್ಕೆ ಅತ್ತೆ ಬರುತ್ತಾರೆ. ಬಿಡದಿದ್ದರೆ ಇನ್ನು ಎಂದೂ ಬರುವುದಿಲ್ಲ.

ನೀರು ಹಾಕುವಾಗ ಹೆಂಡತಿ ಗಿಡಗಳಿಗೆ "ಯವ್ವಾ" ಅನ್ನುತ್ತಾಳೆ. ನನಗೆ ಕೇಳಿಸಿಲ್ಲ ಎಂದುಕೊಂಡಿದ್ದಾಳೆ.

ತಾ. 14-7-36

ಕುಡಿ ಚಿವುಟುವ ದಿನ. ಚಿವುಟಿದರೆ ಗಿಡ ಗಿಡ್ಡಾಗಿ, ತುಂಬಿಕೊಂಡು ಬೆಳೆಯುತ್ತದೆ, ಕವಲಿಗೊಂದು ಹೂ. ಬಿಟ್ಟರೆ ಉದ್ದಕ್ಕೆ ಹೋಗಿ ಗಾಳಿಗೆ ಬೀಳುತ್ತದೆ. ಇದು ಅತ್ತೆಯ ಅಪ್ಪಣೆ. ನನಗೆ ಕೈ ಬರಲಿಲ್ಲ. ಅಷ್ಟು ಎಳೆಯ ಕುಡಿ...

"ಅಂಗಡ್ಯಾಗ ಅರಿವಿ ಹರಿಯೂ ಮುಂದನೂ ಹಿಂಗ ಅಳ್ತೀರೇನ್ರಿ?" ಎಂದು ಶಿವಬಸಮ್ಮ ಪಟಪಟನೆ ಚಿವುಟಿ ಮುಗಿಸಿದಳು.

ಒಂದು ಗಿಡವನ್ನು ಬೇರು ಸಮೇತ ಎತ್ತಿ ಪಕ್ಕದ ಮನೆಯ ಹಜರತಬೀಗೆ ಕೊಟ್ಟಳು. ಯಾಕೆ ಎಂದೆ.

"ಇಲ್ಲಿ ಏನರ ಆದ್ರ, ಅಲ್ಲಿ ಒಂದರ ಇರ್ಲಿ."

ನನ್ನ ಮೇಲೆ ಅಷ್ಟು ಭರವಸೆ.

ತಾ. 2-8-36, ರವಿವಾರ

ಗದಗಿನಿಂದ ಗ್ಯಾಸ್ ಬತ್ತಿ ತರಿಸಿದೆ. ಪಂಪು ಹೊಡೆದು ಹಚ್ಚಿದರೆ ಹಗಲಾದ ಹಾಗೆ! ನೋಡಲು ಅರ್ಧ ಊರು ಬಂತು. ಹೋಗುವಾಗ ಯಾರೂ ಒಂದು ಕರವಸ್ತ್ರವನ್ನೂ ಕೊಳ್ಳಲಿಲ್ಲ.

ಸಂಜೆ ದೊಡ್ಡಬಸಪ್ಪ ಮಾಸ್ತರು ಬಂದರು. ನಮ್ಮೂರ ದೊಡ್ಡಾಟದ ಗುರುಗಳು. ಹಾಡಿದರೆ ಹಿಂದಿನ ಓಣಿಯ ಎಮ್ಮೆಗಳೂ ತಲೆಯೆತ್ತುತ್ತವೆ. ಕೂತರೆ ಇಬ್ಬರ ಜಾಗ ಬೇಕು.

"ಅಂದಪ್ಪ ಸಾವ್ಕಾರ್ರ, ದೀಪಾವಳಿಗೆ ಆಟ ಐತಿ. ತಾಲೀಮಿಗೆ ಅಂಗಳ ಬೇಕು. ಬೆಳಕೂ ಬೇಕು."

"ಅಂಗಳ ಐತ್ರಿ."

ಮಾಸ್ತರು ಬತ್ತಿಯನ್ನು ನೋಡಿದರು. ಬಹಳ ಹೊತ್ತು. ಆಮೇಲೆ ನನ್ನನ್ನು ನೋಡಿದರು.

"ಯಾಕೋ ಏನೋ, ನಿಮ್ಮ ಮಾರಿ ಮ್ಯಾಲೆ ರಾಜಕಳೆ ಕಾಣಾಕತ್ತೈತ್ರಿ."

ಇಷ್ಟು ವರ್ಷ ನಾನು ದ್ವಾರಪಾಲಕ. ಕೋಲು ಹಿಡಿದು ನಿಲ್ಲುವುದು, "ಮಹಾರಾಜರು ಬರುತ್ತಿದ್ದಾರೆ" ಎನ್ನುವುದು, ಬದಿಗೆ ಸರಿಯುವುದು. ಈ ಸಲ ಬರುವವನು ನಾನೇ!

ಶಿವಬಸಮ್ಮನಿಗೆ ಹೇಳಿದೆ. "ಕಳೆ ನಿಮ್ದಲ್ರಿ, ಬತ್ತೀದು" ಎಂದು ರೊಟ್ಟಿ ಬಡಿಯಲು ಕೂತಳು.

ತಾ. 20-8-36

ತಾಲೀಮು ದಿನಾ ನಡೆದಿದೆ. ಊಟವಾದ ಮೇಲೆ ಶುರು. ಊರ ನಾಯಿಗಳು ಬೊಗಳಿ ಸಾಕಾಗಿ ಮಲಗಿದ ಮೇಲೆ ಮುಕ್ತಾಯ. ಬತ್ತಿ ಪಡಸಾಲೆಯ ಕಂಬಕ್ಕೆ. ಮಾಸ್ತರರ ಮಣೆ ಸೇವಂತಿ ಮಡಿಗೆ ಹತ್ತಿಕೊಂಡೇ — ಅಲ್ಲಿ ತಂಪು ಎಂದು ಅವರೇ ಆರಿಸಿಕೊಂಡ ಜಾಗ. ಮುಂದೆ ಹಾರ್ಮೋನಿಯಂ ಪೆಟ್ಟಿಗೆ. ನಾವು ನಡುವೆ ಕುಣಿಯುವುದು.

ಗಿಡಗಳು ಬಹಳ ಚೆನ್ನಾಗಿವೆ. ಗಿಡ್ಡ, ದಟ್ಟ, ಹಸಿರು ದಿಂಬು ಸಾಲಾಗಿ ಇಟ್ಟ ಹಾಗೆ. ನಾನು ಮಾತ್ರ ಮೊದಲನೆಯ ಪದದಲ್ಲೇ ಇದ್ದೇನೆ. ರಾಜನಿಗೆ ಇಷ್ಟೊಂದು ಮಾತು ಯಾಕೆ ಬೇಕು? ಅಪ್ಪಣೆ ಕೊಟ್ಟರೆ ಸಾಲದೆ?

ತಾ. 13-9-36, ರವಿವಾರ

ಹಜರತಬೀ ಗೋಡೆಯ ಮೇಲಿಂದ ಕೂಗಿದಳು. "ಶಿವಬಸವ್ವಾ, ಬಾರೇ ಇಲ್ಲೆ! ನಿನ್ನ ಗಿಡಾ ಮೊಗ್ಗಿ ಕಟ್ಟೈತಿ!"

ಇಬ್ಬರೂ ಹೋಗಿ ನೋಡಿದೆವು. ಕವಲು ಕವಲಿಗೆ ಮೊಗ್ಗು. ವಾಪಸ್ಸು ಬಂದು ನಮ್ಮ ಮಡಿಯಲ್ಲಿ ಹುಡುಕಿದೆವು. ಎಲೆ ಎತ್ತಿ ಎತ್ತಿ ನೋಡಿದೆವು. ಒಂದೂ ಇಲ್ಲ.

ಅದೇ ಬೇರು. ಅದೇ ಮಣ್ಣು. ನಡುವೆ ಒಂದು ಗೋಡೆ.

ಶಿವಬಸಮ್ಮ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ತಾ. 19-9-36

ಹಜರತಬೀ ಕುರಿ ಗೊಬ್ಬರ ಕೊಟ್ಟಳು. ಹಾಕಿದೆ. ಎಲೆ ಇನ್ನೂ ದಪ್ಪಗಾದವು. ದೃಷ್ಟಿ ತಾಗಿದೆ ಎಂದು ಹೆಂಡತಿ ನನ್ನ ಹಳೆಯ ಮೆಟ್ಟು ಕಟ್ಟಿದಳು. ಹಳೆಯದಲ್ಲ, ಹೊಸದೇ — ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಯಾರೂ ಇಲ್ಲದಾಗ ನಾನೇ ರಾಜಠೀವಿಯಿಂದ ಕೇಳಿದೆ: "ಎಲೈ ಸೇವಂತಿಯೇ! ಯಾರ ಅಪ್ಪಣೆಯಿಂದ ಮೊಗ್ಗು ತಡೆದಿರುವೆ?" ಮಾತು ಒಂದೂ ತಪ್ಪಲಿಲ್ಲ. ತಾಲೀಮಿನಲ್ಲಿ ಹೀಗೆ ಬರುವುದಿಲ್ಲ.

ಪಕ್ಕೀರಪ್ಪ ಬಂದಿದ್ದ. "ಅಮ್ಮಾರಿಗೆ ಏನಂತ ಹೇಳ್ಲ್ರಿ?"

"ಎಲಿ ಭಾಳ ಛಲೋ ಅದಾವ ಅಂತ ಹೇಳು."

ತಾ. 22-9-36

ಪಕ್ಕೀರಪ್ಪ ಉತ್ತರ ತಂದ. ಸೊಂಟದ ಮೇಲೆ ಕೈ. "ಎಲಿ ನೋಡಾಕ ನಾ ಯಾಕ ಬರ್ಲಿ? ಇಲ್ಲೇ ಹೊಲದಾಗ ಬೇಕಾದಷ್ಟು ಅದಾವ!"

ಶಿವಬಸಮ್ಮ ಒಳಗೆ ಹೋಗಿ ಪಾತ್ರೆ ತಿಕ್ಕಿದಳು. ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು.

ತಾ. 24-9-36

ಮೊಗ್ಗು! ಬೆಳಿಗ್ಗೆ ಅವಳೇ ಕಂಡಳು. ಮಡಿಯ ನಟ್ಟನಡುವೆ ಒಂದಿಷ್ಟು ಗಿಡಗಳಲ್ಲಿ ಮಾತ್ರ. ಆಚೆ ಈಚೆ ಏನೂ ಇಲ್ಲ. ಸರಿಯಾಗಿ ಮಾಸ್ತರರ ಮಣೆಯ ಹಿಂದೆ.

ಸಂಜೆ ಮಾಸ್ತರಿಗೆ ತೋರಿಸಿದೆ. ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ಸ್ವರ, ಸಾವ್ಕಾರ್ರ. ಶುದ್ಧ ಸ್ವರ ಬಿದ್ದಲ್ಲಿ ಕಲ್ಲೂ ಚಿಗುರತೈತಿ."

"ಹಂಗಾರ ನೀವು ಗಿಡದ ಕಡೆ ಮಾರಿ ಮಾಡಿ ಹಾಡ್ರಲ್ಲ," ಎಂದಳು ಶಿವಬಸಮ್ಮ. "ಬೆನ್ನಿಗೇ ಇಷ್ಟು ಬಂದ್ರ, ಮಾರಿಗೆ ಎಷ್ಟು ಬರಬೇಕು!"

ತಾ. 28-9-36

ಮಾಸ್ತರು ಗಿಡಗಳ ಕಡೆ ತಿರುಗಿ ಕೂತು ಹಾಡುತ್ತಿದ್ದಾರೆ. ನಾವು ಅವರ ಬೆನ್ನಿಗೆ ಕುಣಿಯುತ್ತಿದ್ದೇವೆ. ಆಟ ಕೆಡುತ್ತಿದೆ. ಹೆಂಡತಿ ದಿನಾ ಶೇಂಗಾ ಉಂಡಿ ಕೊಡುತ್ತಾಳೆ, ಸ್ವರಕ್ಕೆ ಒಳ್ಳೆಯದೆಂದು. ಇದ್ದ ಮೊಗ್ಗು ದಪ್ಪಗಾಗುತ್ತಿವೆ. ಮಾಸ್ತರೂ. ಹೊಸ ಮೊಗ್ಗು ಒಂದೂ ಇಲ್ಲ.

ತಾ. 29-9-36, ದೀಪ ಹಚ್ಚಿದ ಮೇಲೆ

ತಿಳಿಯಿತು. 

ಬೆಳಿಗ್ಗೆ ಜಗುಲಿಯ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಮೊಗ್ಗಿರುವ ಜಾಗಕ್ಕೆ ಒಂದು ಆಕಾರ ಇದ್ದ ಹಾಗೆ ಕಂಡಿತು. ಕೆಳಗೆ ಅಗಲ, ಎರಡೂ ಬದಿಗೆ ಮೊಳಕಾಲು ಚಾಚಿದ ಹಾಗೆ. ನಡುವೆ ಇನ್ನೂ ಅಗಲ. ಮೇಲೆ ಹೆಗಲು. ಗೋಡೆಯ ಬುಡದಲ್ಲಿ ಒಂದು ದುಂಡು, ಅದಕ್ಕೊಂದು ಚುಂಚು. ಎಲ್ಲೋ ನೋಡಿದ ಆಕಾರ...

ಈಗ ಬತ್ತಿ ಹಚ್ಚಿದೆ. ಮಾಸ್ತರು ಬಂದು ಕೂತರು. ಅವರ ನೆರಳು ಹಿಂದೆ ಮಡಿಯ ಮೇಲೆ ಬಿತ್ತು. ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಮೊಗ್ಗುಗಳ ಮೇಲೆ ಕೂತಿತು. ರುಮಾಲಿನ ಚುಂಚು ಸಮೇತ!

ಸ್ವರವಲ್ಲ, ನೆರಳು. ಹಜರತಬೀಯ ಗಿಡಕ್ಕೂ ಬತ್ತಿಯ ಬೆಳಕು ತಾಗದಂತೆ ಗೋಡೆಯ ಮರೆ ಇದೆ.

ಶಿವಬಸಮ್ಮನನ್ನು ಕರೆದು ತೋರಿಸಿದೆ. ಅವಳು ಎಲೆಗಳ ಮೇಲೆ ಕೈಯಾಡಿಸಿದಳು.

"ಪಾಪ, ಅವಕ್ಕ ನಿದ್ದಿ ಬೇಕ್ರಿ. ನಾವು ಹಗಲೂ ರಾತ್ರೀ ಎಬ್ಬಿಸಿ ಕುಂದ್ರಿಸೇವಿ. ಮಾಸ್ತರ ಹಿಂದ ಇದ್ದಾವು ಅಷ್ಟು ಮಲಗ್ಯಾವ."

ತಾ. 30-9-36

ನಿನ್ನೆ ತಾಲೀಮಿನ ಹೊತ್ತಿಗೆ ಉಳಿದ ಗಿಡಕ್ಕೆ ಗೋಣಿ ಹೊದಿಸಿದ್ದೆವು. ಬೆಳಿಗ್ಗೆ ನೋಡಿದರೆ ಕವಲು ಮುರಿದಿವೆ. ಅದು ಆಗದ ಮಾತು.

ಮಾಸ್ತರನ್ನು ಕೇಳಿದೆ, ತಾಲೀಮು ಬೇರೆ ಕಡೆ ಆದೀತೆ ಎಂದು.

"ಆದೀತ್ರಿ. ಉಮಾಪತಿ ಅಂಗಳ ದೊಡ್ಡದು ಐತಿ, ಅಂವ ಕಾಯ್ಕೊಂಡು ಕುಂತಾನ. ಆದ್ರ..." ಹಾರ್ಮೋನಿಯಂ ಒರೆಸಿದರು. "ಅಂಗಳ ಕೊಟ್ಟಾಂವಗ ಕೋಲು ಕೊಟ್ಟು ಬಾಗಲಕ ನಿಲ್ಲಸಾಕ ಆಗತೈತೇನ್ರಿ?"

ಅಂದರೆ ಉಮಾಪತಿ ರಾಜ. ಕಿರೀಟಕ್ಕೆ ಜರಿ ಅಂಟಿಸಿದವನು ನಾನು. ನನ್ನ ತಲೆಯ ಅಳತೆಗೆ.

ಮಡಿಯ ಹತ್ತಿರ ಶಿವಬಸಮ್ಮ ಮುರಿದ ಕವಲುಗಳಿಗೆ ಕಡ್ಡಿ ಕೊಟ್ಟು ದಾರ ಸುತ್ತುತ್ತಿದ್ದಳು. ನಮ್ಮ ಮಾತು ಕೇಳಿಸುತ್ತಿತ್ತು. ತಲೆ ಎತ್ತಲಿಲ್ಲ. ಬೇಡುವುದು ಅವಳಿಗೆ ಬರುವುದಿಲ್ಲ, ಅವಳ ತಾಯಿಯಂತೆಯೇ.

"ಬತ್ತಿ ಒಯ್ರಿ ಮಾಸ್ತರ್ರ," ಎಂದೆ. "ಕಿರೀಟಾನೂ ಒಯ್ರಿ. ಉಮಾಪತಿ ತಲಿ ಸಣ್ಣದು, ಒಳಗ ಅರಿವಿ ತುರುಕ್ರಿ."

ಊಟಕ್ಕೆ ಕೂತಾಗ ರೊಟ್ಟಿಯ ಮೇಲೆ ಬೆಣ್ಣೆ ಬಿತ್ತು. ಮತ್ತೆ ಬಿತ್ತು. ಸಾಕು ಎಂದರೂ ಬಿತ್ತು. 

ತಾ. 11-10-36, ರವಿವಾರ

ಅಂಗಳ ಕತ್ತಲು. ನಿಶ್ಶಬ್ದ. ಉಮಾಪತಿಯ ಮನೆ ಕಡೆಯಿಂದ ಮದ್ದಳೆ ಕೇಳುತ್ತದೆ. ನಾನೂ ಹೋಗುತ್ತೇನೆ. ಕೋಲು ಹಿಡಿದು ನಿಲ್ಲುತ್ತೇನೆ. ಉಮಾಪತಿ ಮಾತು ಮರೆತಾಗ ಬಾಗಿಲಲ್ಲಿ ನಿಂತು ಹೇಳಿಕೊಡುವವನು ನಾನೇ — ಈಗ ಎಲ್ಲ ಬಾಯಿಗೆ ಬರುತ್ತದೆ!

ಉಳಿದ ಗಿಡಗಳು ಇನ್ನೂ ಸುಮ್ಮನೆ. ಮಾಸ್ತರರ ಆಕಾರ ಮಾತ್ರ ಹಳದಿಗೆ ತಿರುಗಿದೆ.

ತಾ. 22-10-36

ಅರಳಿತು. ಮಾಸ್ತರರ ಹೊಟ್ಟೆ ಮೊದಲು. ಆಮೇಲೆ ಹೆಗಲು, ಮೊಳಕಾಲು. ಕಡೆಗೆ ರುಮಾಲು. ಉಳಿದ ಗಿಡಗಳಲ್ಲಿ ಈಗ ಸಾಸಿವೆಯಷ್ಟು ಮೊಗ್ಗು, ಹಬ್ಬಕ್ಕೆ ಆಗುವುದಿಲ್ಲ.

"ಇಷ್ಟಕ್ಕ ಬರ್ತಾಳೇನ್ರಿ ನಮ್ಮವ್ವ? ಮಡಿ ತುಂಬ ಬಿಟ್ಟಿಲ್ಲ."

"ಕರಾರಿನಾಗ ತುಂಬ ಅಂತ ಇರ್ಲಿಲ್ಲ," ಎಂದೆ. ಧೈರ್ಯ ಹೇಳಿದ್ದು ಅವಳಿಗೋ ನನಗೋ. ಪಕ್ಕೀರಪ್ಪನ ಕೈಯಲ್ಲಿ ಒಂದು ಹೂ ಕೊಟ್ಟು ಕಳಿಸಿದೆವು. ಮಾತು ಬೇಡ, ಹೂ ಅಷ್ಟೇ ಕೊಡು ಎಂದೆವು.

ತಾ. 25-10-36, ರವಿವಾರ. ಬನ್ನಿ ಹಬ್ಬ

ಬಂದರು! ಇಳಿಹೊತ್ತಿಗೆ ಚಕ್ಕಡಿ ಬಾಗಿಲಿಗೆ ನಿಂತಿತು. ಅತ್ತೆ ಇಳಿದರು. ನನ್ನ ಕಡೆ ನೋಡಲಿಲ್ಲ. ಹೊಸ್ತಿಲು ದಾಟಿ ನೆಟ್ಟಗೆ ಮಡಿಯ ಹತ್ತಿರ ಹೋದರು.

ನಿಂತರು. ತಲೆ ಒಮ್ಮೆ ಎಡಕ್ಕೆ ವಾಲಿಸಿದರು, ಒಮ್ಮೆ ಬಲಕ್ಕೆ. ಶಿವಬಸಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು.

"ಶಿವಬಸವ್ವಾ."

"ಏನಬೇ?"

"ಹೂವಿನಾಗ ಯಾರೋ ಕುಂತಾರಲ್ಲ?"

ಅಷ್ಟರಲ್ಲಿ ದೊಡ್ಡಬಸಪ್ಪ ಮಾಸ್ತರು. ಹೊಸ ಧೋತರ, ಹೊಸ ರುಮಾಲು, ಕೈಯಲ್ಲಿ ಬನ್ನಿ. "ಸಾವ್ಕಾರ್ರ, ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ!" ಎಂದವರು ಹಳೆಯ ರೂಢಿಯಂತೆ ತಮ್ಮ ಮಣೆಯ ಮೇಲೆ ಕೂತುಬಿಟ್ಟರು.

ಅತ್ತೆ ಮಾಸ್ತರನ್ನು ನೋಡಿದರು. ಮಡಿಯನ್ನು ನೋಡಿದರು. ಮತ್ತೆ ಮಾಸ್ತರನ್ನು. ಸೆರಗು ಬಾಯಿಗೆ ಹಿಡಿದು ಜಗುಲಿಯ ಮೇಲೆ ಕುಸಿದರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ, ಕೆಟ್ಟೆವು ಎಂದುಕೊಂಡೆ. ಸೆರಗು ತೆಗೆದರು — ನಗು! ಕಣ್ಣಲ್ಲಿ ನೀರು ಬರುವಷ್ಟು ನಗು. ಶಿವಬಸಮ್ಮ ನಕ್ಕಳು, ಗೋಡೆಯಾಚೆ ಹಜರತಬೀ ಏನೆಂದು ತಿಳಿಯದೆಯೇ ನಕ್ಕಳು.

"ಯವ್ವಾ, ಸಾಕಾತು," ಎಂದು ಅತ್ತೆ ಮಗಳ ಕೈ ಹಿಡಿದರು. "ಒಂದು ತಂಬಿಗಿ ನೀರು ಕೊಡು."

ಕುಡಿದರು. ಪೂರಾ ತಂಬಿಗೆ.

ಈಗ ಹೊತ್ತು ಮುಳುಗುವುದರೊಳಗೆ ದೇವರಿಗೆ ಹೂ ಬಿಡಿಸಬೇಕೆಂದು ಹೊರಗೆ ಗದ್ದಲ. ಮಾಸ್ತರು ಕೈ ಮುಗಿದು ಕೇಳಿಕೊಳ್ಳುತ್ತಿದ್ದಾರೆ: "ಹೊಟ್ಟಿ ಕಡಿಂದ ಶುರು ಮಾಡ್ರೆವ್ವಾ, ಮರ್ಯಾದಿ ಉಳಿಸ್ರಿ!" ಅತ್ತೆ ಒಪ್ಪುತ್ತಿಲ್ಲ, ಅದು ಕಡೆಗಂತೆ. ಇದನ್ನು ಬರೆದಿಡೋಣ ಎಂದು ಒಳಗೆ ಬಂದೆ, ಆದರೆ ಶಿವಬಸಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಬುಟ್ಟಿ ಹಿಡಿಯಲು ಬರಬೇಕಂತೆ. ಅತ್ತೆಯೇ ಹೇಳಿದರಂತೆ — ಅಳಿಯಂದಿರೇ ಬರಲಿ ಎಂದು ಅತ್ತೆಯೇ...